ಮಾರುತಿ 800 ಕಾರ್ಬುರೇಟರ್ ಕಿಟ್: ಗ್ಯಾಸ್ಕೆಟ್‌ಗೆ ಪಾಸ್, ನೀಡಲ್‌ಗೆ ಅನುಮಾನ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಏಯ್ಟ್ ಹಂಡ್ರೆಡ್ ಕಾರ್ಬ್ ಕಿಟ್’ (ಮಾರುತಿ 800ರಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ರಿಪೇರಿ ಪೊಟ್ಟಣ) ಕೇಳಿದರೆ ಬಿಡಿಭಾಗದ ಅಂಗಡಿ ಕೌಂಟರಿನಿಂದ ಬರುವ ಮರುಪ್ರಶ್ನೆ ಒಂದೇ: ಕಂಪನಿಯದೋ, ಲೋಕಲ್ಲೋ? ಇದು ಆ ಲೋಕಲ್ ಪೊಟ್ಟಣದ ವಿಚಾರ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯವರಿಗೆ ಇದರ ಗೊಡವೆಯಿಲ್ಲ.

ಪೊಟ್ಟಣದಲ್ಲಿ ಮೇಲ್ಮುಚ್ಚಳದ ಗ್ಯಾಸ್ಕೆಟ್, ಬುಡದ ಗ್ಯಾಸ್ಕೆಟ್, ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ (ರಬ್ಬರ್ ಪೊರೆ), ನೀಡಲ್ ಮತ್ತು ಸೀಟ್ (ಪೆಟ್ರೋಲ್ ನಿಲ್ಲುವ ಬೌಲಿಗೆ ಹರಿವನ್ನು ಬಿಡುವ, ಮುಚ್ಚುವ ಸೂಜಿ ಮತ್ತು ಅದು ಕೂರುವ ತೂತು), ಒಂದಿಷ್ಟು ಓ-ರಿಂಗ್, ವಾಷರ್ ಇರುತ್ತವೆ. ಗ್ಯಾಸ್ಕೆಟ್‌ಗಳು ಪರವಾಗಿಲ್ಲ. ಆದರೂ ಹಳೆಯದನ್ನು ಹೊಸದರ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಗಾಳಿ ಹೋಗುವ ಸಣ್ಣ ತೂತು ಅರ್ಧ ಮುಚ್ಚಿದ್ದರೂ ಐಡ್ಲಿಂಗ್ ಕೆಡುತ್ತದೆ. ಆಮೇಲೆ ಸ್ಕ್ರೂ ಎಷ್ಟು ತಿರುಗಿಸಿದರೂ ಸರಿಹೋಗದು.

ರಬ್ಬರಿನ ವಿಷಯಕ್ಕೆ ಬಂದರೆ ಜಾಗ್ರತೆ ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಅದನ್ನು ತಾಳುವ ರಬ್ಬರ್ ಅಲ್ಲದಿದ್ದರೆ ಓ-ರಿಂಗ್ ಉಬ್ಬುತ್ತದೆ, ಡಯಾಫ್ರಮ್ ಸೆಟೆದುಕೊಳ್ಳುತ್ತದೆ. ಕೂಡಿಸುವ ಮೊದಲು ಒಂದು ಓ-ರಿಂಗನ್ನು ರಾತ್ರಿಯಿಡೀ ಬಂಕ್ ಪೆಟ್ರೋಲಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳ್ಳಕ್ಕೆ ಕೂರುತ್ತದೆಯೇ ನೋಡಿ.

ಲೋಕಲ್ ಕಿಟ್ ಕೈಕೊಡುವುದು ಹೆಚ್ಚಾಗಿ ನೀಡಲ್‌ನಲ್ಲಿ. ಅದರ ಪರೀಕ್ಷೆಗೆ ಕಾಸು ಖರ್ಚಿಲ್ಲ. ಸೀಟ್, ನೀಡಲ್, ಫ್ಲೋಟ್ (ಬೌಲಿನ ಪೆಟ್ರೋಲಿನಲ್ಲಿ ತೇಲುವ ಭಾಗ) ಕೂರಿಸಿದ ಮುಚ್ಚಳವನ್ನು ಬೋರಲು ಹಿಡಿಯಿರಿ, ಫ್ಲೋಟ್ ತನ್ನ ಭಾರದಿಂದಲೇ ನೀಡಲನ್ನು ಒತ್ತಲಿ. ಪೆಟ್ರೋಲ್ ಬರುವ ನಳಿಕೆಗೆ ಒಣಗಿದ ಹೊಸ ಪೈಪು ಸಿಕ್ಕಿಸಿ ಬಾಯಿಂದ ಊದಿ. ಒಂದಿಷ್ಟೂ ಗಾಳಿ ನುಸುಳಬಾರದು. ನುಸುಳಿದರೆ ಬೌಲ್ ತುಂಬಿ ಹರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸೀಟಿನ ಕೆಳಗಿನ ವಾಷರ್ ದಪ್ಪವೂ ಹಳೆಯದಕ್ಕೆ ಹೊಂದಬೇಕು: ದಪ್ಪ ಹೆಚ್ಚಾದರೆ ನೀಡಲ್ ಬೇಗ ಮುಚ್ಚಿ ಬೌಲಿನಲ್ಲಿ ಪೆಟ್ರೋಲ್ ಮಟ್ಟ ಇಳಿಯುತ್ತದೆ, ಏರಿನಲ್ಲಿ ಗಾಡಿ ಮುಗ್ಗರಿಸುತ್ತದೆ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ವ್ಯಾಕ್ಯೂಮ್ ಪೈಪುಗಳಿಗೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಸ್ಕ್ರೂಗಳು ಜಪಾನಿ ಮಾದರಿಯವು. ಸಾದಾ ಸ್ಟಾರ್ ಸ್ಕ್ರೂಡ್ರೈವರ್ ಜಾರಿ ತಲೆ ಸವೆಸುತ್ತದೆ, ಜೆಐಎಸ್ (ಜಪಾನಿ ಮಾನದಂಡದ) ಬಿಟ್ ತನ್ನಿ. ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದುಕೊಳ್ಳಿ. ಬಿಗಿದರೆ ತುದಿಗೆ ಗೀರು ಬೀಳುತ್ತದೆ. ಇದು ಎರಡು ಬ್ಯಾರೆಲ್ಲಿನ (ಗಾಳಿ ಹಾಯುವ ಕೊಳವೆಯ) ಕಾರ್ಬುರೇಟರ್. ಎರಡರಲ್ಲೂ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್‌ಗಳ ಅಳತೆ ಬೇರೆ, ಅದಲುಬದಲಾಗಬಾರದು. ಜೆಟ್‌ಗೆ ತಂತಿ ತೂರಿಸುವ ಚಟ ಬಿಡಿ: ಹಿತ್ತಾಳೆಯ ತೂತು ಹಿಗ್ಗುತ್ತದೆ. ಕ್ಲೀನರ್ ಸ್ಪ್ರೇ, ಗಾಳಿ ಸಾಕು.

ಕೂಡಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಓಡಿ, ಬಿಟ್ಟೊಡನೆ ಆಫ್ ಆದರೆ ಕಿಟ್ಟನ್ನು ಬೈಯಬೇಡಿ. ಐಡ್ಲಿಂಗ್ ಪೆಟ್ರೋಲನ್ನು ಬಿಡುವ, ತಡೆಯುವ ವಿದ್ಯುತ್ ಕವಾಟ, ಅಂದರೆ ಫ್ಯೂಯೆಲ್ ಕಟ್ ಸೊಲೆನಾಯ್ಡ್‌ನ ವೈರ್ ಸಿಕ್ಕಿಸಲು ಮರೆತಿರಬಹುದು. ಕೀ ಆನ್ ಮಾಡಿದಾಗ ಅದು ‘ಟಿಕ್’ ಎನ್ನಬೇಕು.

ಲೋಕಲ್ ಕಿಟ್ ಗ್ಯಾಸ್ಕೆಟ್‌ಗಳಿಗೋಸ್ಕರ ಕೊಳ್ಳಲು ಅಡ್ಡಿಯಿಲ್ಲ. ನೀಡಲ್ ಮತ್ತು ಸೀಟ್ ಮಾತ್ರ ಕಂಪನಿಯದೇ ಇರಲಿ. ಅಂಗಡಿಗೆ ಹೋಗುವಾಗ ಹಳೆಯ ಜೋಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.