ಝೆನಿತ್ ಸಿಎಚ್ 701 ತಗೋಬೇಕಾ, ಕಿಟ್‌ಫಾಕ್ಸ್ ತಗೋಬೇಕಾ?

ಅಮೆರಿಕದಲ್ಲಿ ಕಿಟ್ ಕೊಂಡು ಮನೆಯಲ್ಲೇ ಕಟ್ಟುವ, ಇಬ್ಬರು ಕೂರುವ ಹಗುರ ವಿಮಾನ ಹುಡುಕಿದರೆ ಈ ಎರಡು ಹೆಸರು ಕಿವಿಗೆ ಬಿದ್ದೇ ಬೀಳುತ್ತವೆ. ಎರಡೂ 1980ರ ದಶಕದ ವಿನ್ಯಾಸಗಳು. ಎರಡಕ್ಕೂ ಹೆಚ್ಚಾಗಿ ಹಾಕುವುದು ರೋಟ್ಯಾಕ್ಸ್ 912 ಎಂಜಿನ್. ದೊಡ್ಡ ವ್ಯತ್ಯಾಸ ಇರುವುದು ಕಟ್ಟುವ ಕೆಲಸದಲ್ಲಿ.

ಝೆನಿತ್ ಹೆಚ್ಚುಕಡಿಮೆ ಪೂರ್ತಿ ಅಲ್ಯೂಮಿನಿಯಂ. ತಗಡು ಜೋಡಿಸಿ, ತೂತು ಕೊರೆದು, ಪಾಪ್ ರಿವೆಟ್ (ಒಂದೇ ಕಡೆಯಿಂದ ಹೊಡೆದು ತಗಡುಗಳನ್ನು ಬಿಗಿಯುವ ಮೊಳೆ) ಹೊಡೆಯುತ್ತಾ ಹೋಗಬೇಕು. ಬೇಜಾರು ಬರುವಷ್ಟು ರಿವೆಟ್ ಇರುತ್ತವೆ, ಅಷ್ಟೇ. ಕಿಟ್‌ಫಾಕ್ಸ್‌ನ ಉಕ್ಕಿನ ಕೊಳವೆಯ ಚೌಕಟ್ಟು ಕಾರ್ಖಾನೆಯಲ್ಲೇ ವೆಲ್ಡ್ ಆಗಿ ಬರುತ್ತದೆ. ಅದಕ್ಕೆ ಬಟ್ಟೆ ಅಂಟಿಸಿ, ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ಬಿಗಿ ಮಾಡಿ, ಪದರ ಪದರವಾಗಿ ಬಣ್ಣ ಹೊಡೆಯಬೇಕು. ತಾಳ್ಮೆ ಇದ್ದವರಿಗೆ ಖುಷಿಯ ಕೆಲಸ. ನನ್ನನ್ನು ಕೇಳಿದರೆ ರಿವೆಟ್ಟೇ ವಾಸಿ.

701ರ ರೆಕ್ಕೆಯ ಮುಂದಿನ ಅಂಚಿನಲ್ಲಿ ಕದಲದ ಸ್ಲ್ಯಾಟ್ ಇದೆ, ಅಂದರೆ ನಡುವೆ ಸ್ವಲ್ಪ ಸಂದು ಬಿಟ್ಟು ಕೂರಿಸಿದ ಕಿರಿದಾದ ಪಟ್ಟಿ. ಹಾಗಾಗಿ ತೀರಾ ನಿಧಾನವಾಗಿಯೂ ಹಾರುತ್ತದೆ, ಸಣ್ಣ ಹುಲ್ಲು ಬಯಲಿನಿಂದಲೂ ಏಳುತ್ತದೆ. ಆದರೆ ಅದೇ ಸ್ಲ್ಯಾಟ್ ಗಾಳಿಗೆ ಅಡ್ಡ ಬರುತ್ತದೆ. ಗಂಟೆಗೆ ಸುಮಾರು 130 ಕಿ.ಮೀ.ಗಿಂತ ಜಾಸ್ತಿ ನಿರೀಕ್ಷಿಸಬೇಡಿ. ಕಿಟ್‌ಫಾಕ್ಸ್ ಇದಕ್ಕಿಂತ ಚುರುಕು. ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಟ್ರೇಲರ್ ಮೇಲೆ ಮನೆಗೇ ತರಬಹುದು. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಬಾಡಿಗೆ ಉಳಿಯಿತು, ಅಲ್ವಾ?

ದಪ್ಪ ಮೈಯವರಿಗೆ 701 ಇಕ್ಕಟ್ಟು. ಅವರು ಅದೇ ಕಂಪನಿಯ ದೊಡ್ಡ ಮಾದರಿ 750 ನೋಡಬಹುದು.