ಫೈಲಿನಲ್ಲಿ ಐದು ಸಲವೂ 110/70

ಹೆಂಡತಿ ಬಸುರಿ ಅಂತ ಗೊತ್ತಾದ ದಿನದಿಂದ ಅವಳ ಆಸ್ಪತ್ರೆ ಫೈಲು ನನ್ನ ಸುಪರ್ದಿಯಲ್ಲೇ ಇತ್ತು. ನೀಲಿ ಪ್ಲಾಸ್ಟಿಕ್ ಫೈಲು. ಸ್ಕ್ಯಾನಿಂಗ್ ಫೋಟೋ, ರಕ್ತದ ರಿಪೋರ್ಟು, ಔಷಧಿ ಬಿಲ್ಲು, ಎಲ್ಲ ತಾರೀಖಿನ ಪ್ರಕಾರ ಪಂಚ್ ಮಾಡಿ ಜೋಡಿಸಿಟ್ಟಿದ್ದೆ. ಜೋಡಿಸಿದೆನೇ ಹೊರತು ಓದಲಿಲ್ಲ. ಓದಿದ್ದರೆ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಐದು ಸಲ ತೋರಿಸಲು ಹೋಗಿದ್ದೆವು, ಐದು ಸಲವೂ ಬಿಪಿ 110/70. ಒಂದು ಅಂಕಿ ಮೇಲಿಲ್ಲ, ಒಂದು ಅಂಕಿ ಕೆಳಗಿಲ್ಲ. ಮನುಷ್ಯರ ಬಿಪಿ ಹಾಗಿರಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಕ್ಲಿನಿಕ್ಕಿನ ಹೆಸರು ಹೇಳುವುದಿಲ್ಲ, ಯಾವ ಊರಿನದು ಅಂತಲೂ ಬೇಡ. ಯಾರ ಮೇಲೋ ಸೇಡು ತೀರಿಸಿಕೊಳ್ಳಲು ಬರೆಯುತ್ತಿಲ್ಲ. ಮನೆಯಲ್ಲಿ ಬಸುರಿ ಇರುವ ಗಂಡಸರು ಇದನ್ನು ಓದಬೇಕು ಅಂತ ಬರೆಯುತ್ತಿದ್ದೇನೆ.

ನನ್ನ ಕೆಲಸ ಶಿವಮೊಗ್ಗದಲ್ಲಿ. ಅವಳ ತವರು ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಕಡೆ, ಟಾರು ರಸ್ತೆಯಿಂದ ಒಳಗೆ. ಚೊಚ್ಚಲ ಹೆರಿಗೆ, ಸೀಮಂತ ಮುಗಿಸಿ ಅಮ್ಮನ ಮನೆಗೆ ಕಳಿಸಿದ್ದೆವು. ಜುಲೈ ತಿಂಗಳು. ಮಳೆ ಅಂದರೆ ಮಲೆನಾಡಿನ ಮಳೆ, ನಾಲ್ಕು ದಿನದಿಂದ ಬಿಟ್ಟೇ ಇರಲಿಲ್ಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೋನ್ ಸಿಗ್ನಲ್ ಬೇಕಾದರೆ ಕಣ ದಾಟಿ ದರೆ ಮೇಲೆ ಹತ್ತಿ ನಿಲ್ಲಬೇಕು. ಅವಳಿಗೆ ಆಗ 35 ವಾರ.

ವಾರದ ಮುಂಚೆ ವಿಡಿಯೋ ಕಾಲ್ ಮಾಡಿದಾಗ ಅವಳ ಮುಖ ತುಂಬಿಕೊಂಡಿತ್ತು. 'ಅಮ್ಮನ ಮನೆ ತುಪ್ಪ ಚೆನ್ನಾಗಿ ಹತ್ತಿದೆ' ಅಂತ ತಮಾಷೆ ಮಾಡಿದೆ. ಅವಳೂ ನಕ್ಕಳು. ಉಂಗುರ ಬಿಗಿಯಾಗಿದೆ, ಸೋಪು ಹಚ್ಚಿ ತೆಗೆದಿಟ್ಟೆ ಅಂದಳು. ಒಂದೇ ವಾರದಲ್ಲಿ ಎರಡೂವರೆ ಕೆಜಿ ಜಾಸ್ತಿ ಆಗಿದ್ದಳು. ಮಗು ಬೆಳೆಯುತ್ತಿದೆ ಅಂತ ನಮಗೆಲ್ಲ ಖುಷಿ. ಬಸುರಿಗೆ ಸಂಜೆ ಹೊತ್ತು ಪಾದ ಬಾತುಕೊಳ್ಳುವುದು ಮಾಮೂಲು, ಅದಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಬೆಳಿಗ್ಗೆ ಎದ್ದಾಗಲೇ ಮುಖ, ಕೈ ಬಾತಿದ್ದರೆ, ತೂಕ ದಿಢೀರನೆ ಏರಿದರೆ, ಅದು ತುಪ್ಪ ಅಲ್ಲ. ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ.

ಆಮೇಲೆ ತಲೆನೋವು ಶುರುವಾಯಿತು. ಎರಡು ದಿನ ಬಿಡಲೇ ಇಲ್ಲ. 'ಮಳೆಗಾಲದ ಥಂಡಿ' ಅಂತ ಅತ್ತೆ ಶುಂಠಿ ಪಟ್ಟು ಹಾಕಿದರು. ಮೂರನೇ ದಿನ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಜೊತೆಗೆ ಎರಡು ಸಲ ವಾಂತಿ. ಎಲ್ಲರಿಗೂ ಒಂದೇ ಉತ್ತರ ಹೊಳೆಯಿತು: ಗ್ಯಾಸು. ಹಿಂದಿನ ರಾತ್ರಿ ಹಲಸಿನಕಾಯಿ ಪಲ್ಯ ಬೇರೆ ಆಗಿತ್ತು. ನಾನು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಫೋನ್ ಎತ್ತಿದವರು 'ಒಂಬತ್ತನೇ ತಿಂಗಳಲ್ಲಿ ಎಲ್ಲರಿಗೂ ಆಸಿಡಿಟಿ ಇರತ್ತೆ ಸರ್' ಅಂತ ಒಂದು ಮಾತ್ರೆಯ ಹೆಸರು ಹೇಳಿದರು. ನಾನು ಹತ್ತು ಮಾತ್ರೆಯ ಪಟ್ಟಿ ತಗೊಂಡು, ರೇನ್‌ಕೋಟ್ ಹಾಕಿಕೊಂಡು, ಶನಿವಾರ ಸಂಜೆ ಬೈಕ್ ಹತ್ತಿದೆ. ದೊಡ್ಡ ಕೆಲಸ ಮಾಡಿದ ಹಾಗೆ.

ರಾತ್ರಿ ಒಂಬತ್ತೂವರೆ ಇರಬಹುದು. ಕರೆಂಟು ಹೋಗಿತ್ತು, ನಡುಮನೆಯಲ್ಲಿ ಒಂದು ಚಾರ್ಜರ್ ಲೈಟು ಮಾತ್ರ. ಅವಳು ಗೋಡೆಗೆ ಒರಗಿ ಕೂತಿದ್ದಳು. 'ರೀ, ಒಳಗೆ ಮಿಂಚುಹುಳ ಬಂದಿದೆ ನೋಡಿ' ಅಂದಳು.

ನಾನು ನಿಜವಾಗಿಯೂ ತಲೆ ಎತ್ತಿ ಹುಡುಕಿದೆ. ಮಾವನೂ ಹುಡುಕಿದರು. ಇರಲಿಲ್ಲ. ಮಿಂಚುಹುಳ ಕಾಣುವುದು ಮಳೆ ಹಿಡಿಯುವ ಹೊತ್ತಿಗೆ, ಮೇ ಕೊನೆ, ಜೂನ್ ಶುರುವಿನಲ್ಲಿ. ಜುಲೈನ ಜಡಿಮಳೆಯಲ್ಲಿ ಮನೆಯೊಳಗೆ ಎಲ್ಲಿಂದ ಬರಬೇಕು? 'ಅಲ್ಲೇ ಇದೆಯಲ್ಲ, ಮೂರು ನಾಲ್ಕು' ಅಂತ ಅವಳು ಖಾಲಿ ಗೋಡೆಯ ಕಡೆ ಬೆರಳು ತೋರಿಸಿದಳು.

ಆಗ ಮಾವ ಎದ್ದರು. ಅವರಿಗೆ ಹತ್ತು ವರ್ಷದಿಂದ ಬಿಪಿ ಇದೆ. ಫ್ರಿಜ್ ಮೇಲೆ ಅವರ ಡಿಜಿಟಲ್ ಬಿಪಿ ಮೆಷಿನ್ ಇತ್ತು. ಮೂರು ದಿನ ತಲೆನೋವಲ್ಲಿ ನರಳಿದವಳು ಕೂತಿದ್ದದ್ದು ಆ ಫ್ರಿಜ್ಜಿನಿಂದ ನಾಲ್ಕು ಮಾರು ದೂರದಲ್ಲಿ. ಪಟ್ಟಿ ಸುತ್ತಿ ಬಟನ್ ಒತ್ತಿದರು. 172/114. ಮೆಷಿನ್ ಕೆಟ್ಟಿದೆ ಅಂದುಕೊಂಡೆವು. ನನ್ನ ಕೈಗೆ ಹಾಕಿದರು, 128/84. ಮತ್ತೆ ಅವಳಿಗೆ ಹಾಕಿದರು, 176/116. ಮೆಷಿನ್ ಸರಿಯಾಗಿಯೇ ಇತ್ತು.

ಅಂಕಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಐದು ತಿಂಗಳು ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಎರಡರಲ್ಲಿ ಒಂದು ಅಂಕಿ ಏರಿದ್ದರೂ ಸಾಕು. 160/110 ಮುಟ್ಟಿದರೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ, ಆ ಕ್ಷಣವೇ ಹೊರಡಬೇಕು. ಬಿಪಿ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಲಿವರ್, ಕಿಡ್ನಿ, ಪ್ಲೇಟ್‌ಲೆಟ್ ಕೈಕೊಡುತ್ತಿದ್ದರೆ ಅದಕ್ಕೆ ಪ್ರೀಎಕ್ಲಾಂಪ್ಸಿಯಾ ಅನ್ನುತ್ತಾರೆ. ಅದು ಮುಂದುವರಿದು ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಕಣ್ಣ ಮುಂದೆ ಕಿಡಿ ಹಾರಿದ ಹಾಗೆ ಕಾಣುವುದು, ಮಂಜು ಕವಿಯುವುದು, ಬಿಡದ ತಲೆನೋವು, ಬಲಗಡೆ ಪಕ್ಕೆಲುಬಿನ ಕೆಳಗಿನ ನೋವು, ಎಲ್ಲ ಅದರ ಸೂಚನೆಗಳೇ. ನಮ್ಮನೆಗೆ ಒಂದೂ ಬಿಡದೆ ಎಲ್ಲವೂ ಬಂದು ಬಾಗಿಲು ತಟ್ಟಿದ್ದವು.

ಮಾವ ದರೆ ಹತ್ತಿ 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬೇರೆ ಕಡೆ ಹೋಗಿದೆ, ತಡವಾಗುತ್ತದೆ ಅಂದರು. ಪಕ್ಕದ ಮನೆಯವರ ಓಮ್ನಿ ಇತ್ತು. ಹೊರಡುವ ಹೊತ್ತಿಗೆ ಒಂದು ಜಗಳ ಶುರುವಾಯಿತು. ಅಂಥ ಹೊತ್ತಲ್ಲಿ ಆಗಬಾರದ ಜಗಳ. ಭಾವ ಮಣಿಪಾಲಕ್ಕೆ ಹೋಗೋಣ ಅಂದ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು, ರಾತ್ರಿ, ಆ ಮಳೆ, ಹಳೇ ಓಮ್ನಿ. ನಾನು ಸೀದಾ ಶಿವಮೊಗ್ಗ ಅಂದೆ. ಆಶಾ ಕಾರ್ಯಕರ್ತೆ ಅಕ್ಕ ಫೋನಿನಲ್ಲಿ ಇಬ್ಬರಿಗೂ ಬೈದರು. 'ಮೊದಲು ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಹಾಕಿಸಿಕೊಳ್ಳದೆ ಮುಂದೆ ಹೋಗಬೇಡಿ.'

ಈ ಒಂದು ಮಾತು ನಮ್ಮನ್ನು ಉಳಿಸಿತು. ಅಲ್ಲಿ ನಾನು ಇನ್ನೊಂದು ದಡ್ಡತನ ಮಾಡಿದೆ. ಡ್ಯೂಟಿ ಡಾಕ್ಟರು ಬಿಪಿ ನೋಡಿ, ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿದರು. ಪ್ರೋಟೀನ್ ಮೂರು ಪ್ಲಸ್, ಅಂದರೆ ತುಂಬಾ ಜಾಸ್ತಿ. ಫಿಟ್ಸ್ ತಡೆಯುವ ಮೆಗ್ನೀಸಿಯಮ್ ಸಲ್ಫೇಟ್ ಹಾಕಲು ಸಿರಿಂಜು ತುಂಬಿಸುತ್ತಿದ್ದರು. 'ಟೈಮ್ ವೇಸ್ಟ್ ಮಾಡಬೇಡಿ ಮೇಡಂ, ಬರೆದುಕೊಡಿ, ಶಿವಮೊಗ್ಗಕ್ಕೆ ಹೋಗ್ತೀವಿ' ಅಂತ ಜೋರು ಮಾಡಿದೆ. ಅವರು ಸಿರಿಂಜಿನಿಂದ ಕಣ್ಣು ಎತ್ತಲಿಲ್ಲ. 'ದಾರಿಯಲ್ಲಿ ಮಂಡಗದ್ದೆ ಹತ್ರ ಫಿಟ್ಸ್ ಬಂದ್ರೆ ನೀವೇನು ಮಾಡ್ತೀರಿ?' ಅಂದರು. ನನ್ನ ಬಾಯಿ ಮುಚ್ಚಿತು. ಎರಡೂ ಸೊಂಟಕ್ಕೆ ದಪ್ಪ ಸೂಜಿಯಲ್ಲಿ ಇಂಜೆಕ್ಷನ್ ಹಾಕಿ, ಬಿಪಿ ಇಳಿಸುವ ಮಾತ್ರೆ ಕೊಟ್ಟು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, ಆಂಬುಲೆನ್ಸಿನಲ್ಲಿ ನರ್ಸ್ ಜೊತೆ ಕಳಿಸಿದರು. ಆ ಡಾಕ್ಟರಿಗೆ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ ನಾನು.

ಮಂಡಗದ್ದೆ, ಸಕ್ರೆಬೈಲು, ಗಾಜನೂರು. ದಿನಾ ಓಡಾಡುವ ರಸ್ತೆ. ಆವತ್ತು ಮುಗಿಯಲೇ ಇಲ್ಲ. ಆ ಇಂಜೆಕ್ಷನ್ ಹಾಕಿದರೆ ಮೈ ಒಳಗಿಂದ ಕಾಯುತ್ತದಂತೆ. 'ಕಿಟಕಿ ತೆಗೀರಿ, ಉರಿ' ಅಂತ ಅವಳು ಕನವರಿಸುತ್ತಲೇ ಇದ್ದಳು. ನರ್ಸ್ ಆಗಾಗ ಅವಳ ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಕಾಲು ಜಿಗಿದರೆ ಸರಿ. ಜಿಗಿಯದಿದ್ದರೆ ಔಷಧಿ ಜಾಸ್ತಿಯಾಗಿದೆ ಅಂತ. ಶಿವಮೊಗ್ಗದ ತನಕ ನಾನು ಆ ಕಾಲನ್ನೇ ನೋಡುತ್ತಾ ಕೂತಿದ್ದೆ.

ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಪ್ಲೇಟ್‌ಲೆಟ್ 62,000. ಕನಿಷ್ಠ ಒಂದೂವರೆ ಲಕ್ಷ ಇರಬೇಕು. ಲಿವರ್ ಎನ್‌ಜೈಮ್ ಏರಿದ್ದವು, ಕೆಂಪು ರಕ್ತಕಣ ಒಡೆಯುತ್ತಿದ್ದವು. ಇದಕ್ಕೆ ಹೆಲ್ಪ್ ಸಿಂಡ್ರೋಮ್ ಅನ್ನುತ್ತಾರೆ. ಹೆಸರಿಗಷ್ಟೇ ಹೆಲ್ಪು. ಪಕ್ಕೆಲುಬಿನ ಕೆಳಗಿನ 'ಗ್ಯಾಸು' ಅಂದರೆ ಬಾತುಕೊಂಡ ಲಿವರ್ ಆಗಿತ್ತು. ನನ್ನ ಮಾತ್ರೆ ಪಟ್ಟಿ ಇನ್ನೂ ಜೇಬಿನಲ್ಲೇ ಇತ್ತು.

ಇದಕ್ಕೆ ಮದ್ದು ಒಂದೇ, ಹೆರಿಗೆ. ಮಗು, ಮಾಸು ಹೊರಗೆ ಬಂದ ಮೇಲೆಯೇ ಕಾಯಿಲೆ ಇಳಿಯಲು ಶುರು. ಪ್ಲೇಟ್‌ಲೆಟ್ ಕಡಿಮೆ ಇದ್ದದ್ದರಿಂದ ಬೆನ್ನಿಗೆ ಇಂಜೆಕ್ಷನ್ ಕೊಡುವ ಹಾಗಿರಲಿಲ್ಲ, ಪೂರ್ತಿ ಅರಿವಳಿಕೆ ಕೊಟ್ಟೇ ಸಿಸೇರಿಯನ್. ಬೆಳಗಿನ ಜಾವ ನಾಲ್ಕು ಗಂಟೆಗೆ ಸಹಿ ಹಾಕಿದೆ. ರಕ್ತ ಬೇಕು ಅಂದರು. ಅವಳ ಗುಂಪು ಓ ನೆಗೆಟಿವ್. ಓ ನೆಗೆಟಿವ್‌ನವರಿಗೆ ಓ ನೆಗೆಟಿವ್ ರಕ್ತವೇ ಆಗಬೇಕು, ಅದು ಸುಲಭಕ್ಕೆ ಸಿಗುವ ಗುಂಪಲ್ಲ. ಒಂಬತ್ತು ತಿಂಗಳಿಂದ ಗೊತ್ತಿದ್ದ ವಿಷಯ. ಯಾರು ಕೊಡಬಲ್ಲರು ಅಂತ ಒಂದು ದಿನವೂ ವಿಚಾರಿಸಿರಲಿಲ್ಲ. ಆ ಹೊತ್ತಲ್ಲಿ ಮಲಗಿದ್ದವರನ್ನೆಲ್ಲ ಎಬ್ಬಿಸಿದೆ. ಆಫೀಸಿನ ಒಬ್ಬರು ಮಳೆಯಲ್ಲೇ ಸ್ಕೂಟರಿನಲ್ಲಿ ಬಂದರು.

ಮಗಳು 1 ಕೆಜಿ 900 ಗ್ರಾಂ. ಹನ್ನೊಂದು ದಿನ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ಐಸಿಯುನಲ್ಲಿ ಇದ್ದಳು. ಮೊದಲು ಟ್ಯೂಬಿನಲ್ಲಿ ಹಾಲು, ಆಮೇಲೆ ಒಳಲೆಯಲ್ಲಿ. ಅಮ್ಮ ಎದ್ದು ಬರುವ ಸ್ಥಿತಿಯಲ್ಲಿ ಇರಲಿಲ್ಲ. ನರ್ಸ್ ನನ್ನ ಶರ್ಟು ಬಿಚ್ಚಿಸಿ ಮಗುವನ್ನು ಎದೆ ಮೇಲೆ ಮಲಗಿಸಿದರು. ಅದರ ಬಗ್ಗೆ ಇನ್ನೊಂದು ದಿನ ಬರೆಯಬೇಕು.

ಹೆರಿಗೆ ಆಯಿತಲ್ಲ, ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಫಿಟ್ಸ್ ತಡೆಯುವ ಔಷಧಿ ಆಮೇಲೂ 24 ಗಂಟೆ ನಡೆಯಿತು. ನಾಲ್ಕನೇ ದಿನ ಬಿಪಿ ಮತ್ತೆ 160 ದಾಟಿತು. ಹೆರಿಗೆಯಾಗಿ ಆರು ವಾರದವರೆಗೂ ಇದು ಬರಬಹುದಂತೆ, ಬಸುರಿನಲ್ಲಿ ಬಿಪಿ ಇಲ್ಲದವರಿಗೂ. ನಮ್ಮ ಕಡೆ ಬಾಣಂತಿಗೆ ತಲೆನೋವು ಬಂದರೆ 'ಗಾಳಿ ತಾಗಿದೆ' ಅಂತ ಕಿವಿಗೆ ಹತ್ತಿ ಇಟ್ಟು ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಹತ್ತಿ ಬೇಕಾದರೆ ಇಡಿ, ಬಿಪಿ ನೋಡಿ ಇಡಿ.

ಅತ್ತೆಗೆ ಒಂದೇ ಕೊರಗು. ಅವಳು ಊಟದ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಜಾಸ್ತಿ ತಿನ್ನುತ್ತಿದ್ದಳು, ತಾನು ತಡೆಯಲಿಲ್ಲ ಅಂತ. ಡಾಕ್ಟರು ಕೂರಿಸಿ ಹೇಳಿದರು, ಇದು ಉಪ್ಪಿನಿಂದ ಬರುವುದಲ್ಲ. ಮಾಸು ಬೇರೂರುವಾಗಲೇ ಅದರ ರಕ್ತನಾಳಗಳು ಸರಿಯಾಗಿ ಹರಡಿಕೊಳ್ಳದೆ ಶುರುವಾಗುವ ತೊಂದರೆ. ಚೊಚ್ಚಲು, ಅವಳಿ, ಮೊದಲೇ ಬಿಪಿ ಅಥವಾ ಶುಗರ್ ಇದ್ದವರು, ಅಮ್ಮನಿಗೋ ಅಕ್ಕನಿಗೋ ಆಗಿದ್ದವರು, ಇಂಥವರಿಗೆ ಸಂಭವ ಜಾಸ್ತಿ. ಅಪಾಯ ಜಾಸ್ತಿ ಇರುವವರಿಗೆ ಮೂರನೇ ತಿಂಗಳು ಮುಗಿಯುವ ಹೊತ್ತಿಗೇ ಡಾಕ್ಟರು ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ. ನೀವೇ ತಂದು ಕೊಡಬೇಡಿ, ಆದರೆ ಕೇಳಿ. ಅತ್ತೆ ತಲೆ ಆಡಿಸಿದರು. ಉಪ್ಪಿನಕಾಯಿ ಭರಣಿ ಮಾತ್ರ ಅಟ್ಟ ಸೇರಿತು.

ಆಮೇಲೆ ನೀಲಿ ಫೈಲು ತೆಗೆದು ಕೂತೆ. ಐದು 110/70. ಹೆಂಡತಿಯನ್ನು ಕೇಳಿದೆ. 'ಮೊದಲನೇ ಸಲ ಕೈಗೆ ಪಟ್ಟಿ ಸುತ್ತಿದ್ದು ನೆನಪಿದೆ. ಆಮೇಲೆ ತಲೆಸುತ್ತು ಇದೆಯಾ ಅಂತ ಕೇಳಿ ಬರ್ಕೊಳ್ತಿದ್ರು' ಅಂದಳು. ಮೂತ್ರದ ಪರೀಕ್ಷೆ ಒಂದೇ ಸಲ, ಮೂರನೇ ತಿಂಗಳಲ್ಲಿ. ನಾನು ಪ್ರತಿ ಸಲ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೆ. ಸ್ಕ್ಯಾನಿಂಗ್ ನಾರ್ಮಲ್ ಅಂದರೆ ಎಲ್ಲ ನಾರ್ಮಲ್ ಅಂತ ನನ್ನ ಲೆಕ್ಕ. ತಾಯಿಯ ಬಿಪಿ ಸ್ಕ್ಯಾನಿಂಗ್ ಫೋಟೋದಲ್ಲಿ ಕಾಣುತ್ತಾ? ಕ್ಲಿನಿಕ್ಕಿಗೆ ಹೋಗಿ ಕೇಳಿದೆ. 'ಆವತ್ತು ನಾರ್ಮಲ್ ಇತ್ತು ಸರ್, ಇದು ಸಡನ್ನಾಗಿ ಬರತ್ತೆ' ಅಂದರು. ಸಡನ್ನಾಗಿ ಬರುವುದೂ ನಿಜವೇ. ನನ್ನ ಹತ್ತಿರ ಸಾಕ್ಷಿ ಇಲ್ಲ. ಫೈಲು ಮಡಚಿಕೊಂಡು ಬಂದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಖು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಖಾಸಗಿಯಲ್ಲಿ ತೋರಿಸುವವರೂ ಹೋಗಬಹುದು. ನಾವು ಹೋಗಿರಲಿಲ್ಲ, ಕ್ಯೂ ಅಂತ. ಮನೆಯಲ್ಲಿ ಬಿಪಿ ನೋಡುವುದಾದರೆ ಐದು ನಿಮಿಷ ಸುಮ್ನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟಕ್ಕೆ ಇಟ್ಟು ನೋಡಿ.

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನ ಹೆಂಡತಿಗೆ ಈಗ ಏಳು ತಿಂಗಳು. ಬಿಪಿ ಎಷ್ಟಿದೆ ಅಂದೆ. 'ನಾರ್ಮಲ್ ಅಂತೆ' ಅಂದ. ನಾರ್ಮಲ್ ಬೇಡ ಮಾರಾಯ, ಅಂಕಿ ಹೇಳು ಅಂದೆ. ಫೈಲು ನೋಡಿ ಹೇಳ್ತೀನಿ ಅಂತ ಫೋನ್ ಇಟ್ಟ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದ. 'ಫೈಲು ಕ್ಲಿನಿಕ್ಕಲ್ಲೇ ಇಟ್ಕೊಂಡಿದ್ದಾರಂತೆ ಕಣೋ' ಅಂದ. ನಾಳೆ ಬೆಳಿಗ್ಗೆ ಹೋಗಿ ತಗೊಂಡು ಬಾ, ಹೋಗುವಾಗ ಅವಳನ್ನೂ ಕರ್ಕೊಂಡು ಹೋಗು ಅಂದೆ.