‘ಲೋ ಫೈಬರ್’ ಸ್ಟಿಕರ್ ಕೆಳಗೆ ‘ಹೈ ಫೈಬರ್’! ಕರುಳಿನ ತೊಂದರೆ ಇರುವವರು ದಯವಿಟ್ಟು ಓದಿ

ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಯಾರಿಗಾದರೂ ಕರುಳಿನ ತೊಂದರೆ ಇದ್ದರೆ ಅವರಿಗೂ ಓದಿ ಹೇಳಿ. ವಾಟ್ಸಾಪ್ ಗ್ರೂಪುಗಳಲ್ಲಿ ‘ಲೋ ಫೈಬರ್ ಡಯಟ್ ಕಿಟ್’, ಅಂದರೆ ನಾರು ಕಮ್ಮಿ ಇರುವ ಪಥ್ಯದ ಕಿಟ್ ಅಂತ ಮಾರ್ತಾ ಇದ್ದಾರಲ್ಲ, ಒಂದು ಪುಡಿ, ಜೊತೆಗೆ ಒಂದು ಊಟದ ಚಾರ್ಟು, ಫೋನಿನಲ್ಲಿ ಸಲಹೆ ಬೇರೆ, ಅದನ್ನು ತಗೊಳ್ಳಬೇಡಿ. ನನ್ನಿಂದ 4,800 ರೂಪಾಯಿ ಕಿತ್ತುಕೊಂಡರು. ದುಡ್ಡು ಹೋದದ್ದಕ್ಕಿಂತ ಹೊಟ್ಟೆ ಹಾಳು ಮಾಡಿದ್ದಕ್ಕೆ ನನಗೆ ಸಿಟ್ಟು.

ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಬಂದು ಹುಣ್ಣಾಗುವ ಕಾಯಿಲೆ. ಇದನ್ನು ಬರೆಯುವುದಕ್ಕೂ ನಾಚಿಕೆ ಆಗ್ತದೆ. ನಮ್ಮ ಕಡೆ ಹೊಟ್ಟೆನೋವು ಅಂತ ಯಾರ ಹತ್ತಿರ ಬೇಕಾದರೂ ಹೇಳಬಹುದು. ರಕ್ತ ಹೋಗ್ತದೆ, ಮೈಸೂರು ಬಸ್ ಹತ್ತಲು ಹೆದರಿಕೆ, ದಾರಿಯಲ್ಲಿ ಅವಸರವಾದರೆ ಏನು ಮಾಡೋದು ಅಂತ ಯಾರ ಹತ್ತಿರ ಹೇಳ್ತೀರಿ? ಹೇಳಲ್ಲ. ನಾವು ಹೇಳಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು, ಆ ಧೈರ್ಯದ ಮೇಲೇ ವ್ಯಾಪಾರ ನಡೀತಿರೋದು.

ಈ ಮಳೆಗಾಲದಲ್ಲಿ ಕಾಯಿಲೆ ಮತ್ತೆ ಕೆರಳಿತು. ಮೈಸೂರಿನ ಡಾಕ್ಟರು ಮಾತ್ರೆ ಬದಲಾಯಿಸಿ, ಹೊಟ್ಟೆ ಒಂದು ಹದಕ್ಕೆ ಬರುವವರೆಗೆ ನಾರಿನಂಶ ಕಮ್ಮಿ ಇರುವ ಊಟ ಮಾಡಿ ಅಂದರು. ದಿನಕ್ಕೆ 10ರಿಂದ 15 ಗ್ರಾಂ ಒಳಗೆ. ನಾರು ಅರಗುವುದಿಲ್ಲ, ದೊಡ್ಡ ಕರುಳಿನವರೆಗೆ ಹಾಗೇ ಬರ್ತದೆ, ಮಲ ಜಾಸ್ತಿ ಆಗ್ತದೆ, ಕೆಲವು ನಾರು ಅಲ್ಲಿ ಹುದುಗು ಬಂದು ಗ್ಯಾಸ್ ಆಗ್ತದೆ. ಹುಣ್ಣಾಗಿರುವ ಕರುಳಿಗೆ ಸ್ವಲ್ಪ ಬಿಡುವು ಸಿಗಲಿ ಅಂತ ಈ ಪಥ್ಯ, ಅಷ್ಟೇ. ಇದರಿಂದ ಉಪದ್ರ ಕಮ್ಮಿ ಆಗ್ತದೆಯೇ ಹೊರತು ಕಾಯಿಲೆ ವಾಸಿ ಆಗುವುದಿಲ್ಲ, ಮಾತ್ರೆ ಮಾತ್ರ ಬಿಡಬೇಡಿ ಅಂತ ಬಿಡಿಸಿ ಹೇಳಿದ್ದರು. ಕೆಲವು ವಾರ ಕಳೆದ ಮೇಲೆ ಒಂದೊಂದಾಗಿ ತರಕಾರಿ ಹಣ್ಣು ವಾಪಸ್ ಶುರು ಮಾಡಬೇಕು ಅಂತಲೂ ಹೇಳಿದ್ದರು.

ಕೊಡಗಿನ ಮಳೆಗಾಲದಲ್ಲಿ ಈ ಪಥ್ಯ ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಗೊತ್ತು. ಕಣಿಲೆ ಬೇಡ, ಅಣಬೆ ಬೇಡ, ಮರಕೆಸದ ಪತ್ರೊಡೆ ಬೇಡ, ಹಲಸಿನ ಬೀಜ ಬೇಡ, ತೆಂಗಿನಕಾಯಿ ಅರೆದು ಹಾಕಿದ ಸಾರೂ ಬೇಡ. ಮನೆಯವರೆಲ್ಲ ಕಣಿಲೆ ಸಾರಲ್ಲಿ ಕಡುಬು ತಿನ್ನುವಾಗ ನಾನು ಬೆಳ್ತಿಗೆ ಅಕ್ಕಿ ಗಂಜಿ, ಇಲ್ಲದಿದ್ದರೆ ಬರೀ ನೂಲುಪುಟ್ಟು, ಮೊಟ್ಟೆ, ಸಿಪ್ಪೆ ತಿರುಳು ತೆಗೆದು ಬೇಯಿಸಿದ ಸೋರೆಕಾಯಿ. ಬಾಯಿ ಸಪ್ಪೆ, ಮನಸ್ಸೂ ಸಪ್ಪೆ. ಅಂಥ ಹೊತ್ತಿನಲ್ಲಿ ನಮ್ಮ ನೆಂಟರ ಗ್ರೂಪಿಗೆ ಆ ಜಾಹೀರಾತು ಬಂತು. ಕೊಲೈಟಿಸ್, ಐಬಿಎಸ್ (ಪದೇ ಪದೇ ಹೊಟ್ಟೆ ಕೆಡುವ ಕರುಳಿನ ತೊಂದರೆ) ಇರುವವರಿಗೆ ನಾರಿಲ್ಲದ ಪೌಷ್ಟಿಕ ಪುಡಿ, ಆರು ತಿಂಗಳಲ್ಲಿ ಕರುಳು ಹೊಸದಾಗ್ತದೆ. ಫೋನ್ ಮಾಡಿದೆ. ಎತ್ತಿದವನು ತಾನು ‘ಗಟ್ ಕೋಚ್’, ಅಂದರೆ ಕರುಳಿನ ಸಲಹೆಗಾರ ಅಂದ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಎಲ್ಲ ಕೇಳಿ ಬರೆದುಕೊಂಡ. ನಾರು ಕಮ್ಮಿ ಇರಲೇಬೇಕು ಅಂತ ನಾನು ಒತ್ತಿ ಒತ್ತಿ ಹೇಳಿದೆ. “ಅದಕ್ಕೇ ಮಾಡಿರೋದು ಮೇಡಂ” ಅಂದ.

ಕುಡಿಯಲು ಶುರು ಮಾಡಿದ ಮೇಲೆ ಹೊಟ್ಟೆ ಉಬ್ಬರ. ಆಮೇಲೆ ಹಿಂಡುವ ಹಾಗೆ ನೋವು. ಕಮ್ಮಿ ಆಗಿದ್ದ ರಕ್ತ ಮತ್ತೆ ಕಾಣಿಸಿತು. ರಾತ್ರಿ ಕರೆಂಟ್ ಇಲ್ಲ, ಟಾರ್ಚ್ ಹಿಡಿದುಕೊಂಡು ಓಡಾಟ.

ಒಂದು ಸಂಜೆ ಪುಡಿ ಕಲಸಿಟ್ಟು, ಯಾರೋ ಬಂದರು ಅಂತ ಎದ್ದು ಹೋದೆ. ವಾಪಸ್ ಬರುವಾಗ ಲೋಟದಲ್ಲಿದ್ದದ್ದು ಗಟ್ಟಿ ಲೋಳೆ. ಚಮಚ ನೆಟ್ಟಗೆ ನಿಂತಿತ್ತು. ಅತ್ತೆ ನೋಡಿದವರೇ, “ಇದು ಇಸಬ್ಗೋಲ್ ಅಲ್ವಾ ಮಗಳೇ? ನಿನ್ನ ಮಾವನಿಗೆ ಮಲಬದ್ಧತೆಗೆ ಕೊಡ್ತಿದ್ದೆನಲ್ಲ” ಅಂದರು. ಪ್ಯಾಕೆಟ್ ತಂದು ನೋಡಿದೆ. ಈ ಥಂಡಿಗೆ ನಮ್ಮಲ್ಲಿ ಬೆಂಕಿಪೆಟ್ಟಿಗೆಯೇ ಮೆತ್ತಗಾಗ್ತದೆ, ಸ್ಟಿಕರ್ ಯಾವ ಲೆಕ್ಕ! ‘ಲೋ ಫೈಬರ್’ ಅನ್ನುವ ಸ್ಟಿಕರಿನ ಒಂದು ಮೂಲೆ ಎದ್ದಿತ್ತು. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಕಂಪನಿಯಲ್ಲೇ ಅಚ್ಚಾದ ಅಸಲಿ ಲೇಬಲ್. ದಪ್ಪ ಅಕ್ಷರದಲ್ಲಿ ‘ಹೈ ಫೈಬರ್ ಮಲ್ಟಿಗ್ರೇನ್ ಮಿಕ್ಸ್’. ಒಳಗಿರುವುದು ರಾಗಿ, ಓಟ್ಸ್, ಅಗಸೆಬೀಜ, ಇಸಬ್ಗೋಲ್ ಸಿಪ್ಪೆ. ಡಾಕ್ಟರು ಯಾವುದು ಬೇಡ ಅಂದಿದ್ದರೋ ಅದೇ, ಒಂದೂ ಬಿಡದೆ. ಕೈ ನಡುಗಿತು. ಅಂಗಡಿಯಲ್ಲಿ ಸಿಗುವ ಮಾಮೂಲಿ ಪುಡಿಗೆ ಉಲ್ಟಾ ಹೆಸರು ಅಂಟಿಸಿ ಕಾಯಿಲೆಯವರಿಗೆ ಮಾರಿದ್ದಾರೆ! ಅತ್ತೆಯ ಮುಖ ನೋಡಲು ಆಗಲಿಲ್ಲ ನನಗೆ.

ಫೋಟೋ ತೆಗೆದು ಕಳಿಸಿದೆ. ಅವನ ಉತ್ತರಗಳನ್ನು ಹಾಗೇ ಹಾಕ್ತೇನೆ.

ಮೊದಲು, “ಅದು ಹಳೆ ಕವರ್ ಮೇಡಂ, ಒಳಗಿರೋ ಪುಡಿ ಬೇರೆ.”

ಲೋಟದ ವಿಡಿಯೋ ಕಳಿಸಿದೆ. “ಅದು ನಾರಲ್ಲ, ಜೆಲ್. ಕರುಳಿಗೆ ಲೇಪ ಹಾಕ್ತದೆ.” ಇಸಬ್ಗೋಲ್ ಅಂದರೆ ಬಹುಪಾಲು ನಾರೇ, ಸ್ವಾಮಿ!

ರಕ್ತ ಜಾಸ್ತಿ ಆಗಿದೆ ಅಂದೆ. “ಒಳ್ಳೇ ಲಕ್ಷಣ. ಒಳಗಿನ ವಿಷ ಹೊರಗೆ ಹೋಗ್ತಿದೆ. ನಿಮ್ಮ ಮಾತ್ರೆ ಅಡ್ಡ ಬರ್ತಿದೆ, ಅದನ್ನ ನಿಲ್ಲಿಸಿ ನೋಡಿ.” ಇದನ್ನು ಓದಿ ನನಗೆ ಮೈ ಉರಿದುಹೋಯಿತು. ರಕ್ತ ಹೋಗ್ತಿರುವವಳಿಗೆ ಉರಿಯೂತ ಇಳಿಸುವ ಮೆಸಲಮೈನ್ ಮಾತ್ರೆ ನಿಲ್ಲಿಸು ಅಂತಾನೆ! ನಾನು ನಿಲ್ಲಿಸಲಿಲ್ಲ. ಇವನ ಮಾತು ಕೇಳಿ ನಿಲ್ಲಿಸಿದವರು ಎಷ್ಟು ಜನ ಇದ್ದಾರೋ, ಅದೇ ನನಗೆ ಚಿಂತೆ.

ದುಡ್ಡು ವಾಪಸ್ ಕೇಳಿದೆ. “ಓಪನ್ ಮಾಡಿದ್ದು ವಾಪಸ್ ಇಲ್ಲ. ನೀವು ನೆಗೆಟಿವ್ ಆಗಿ ಯೋಚಿಸ್ತೀರಿ, ಅದಕ್ಕೇ ಹೊಟ್ಟೆ ಸರಿ ಆಗ್ತಿಲ್ಲ.” ಇಷ್ಟು ಸಾಲದು ಅಂತ ನನ್ನ ಗಂಡನಿಗೆ ಬೇರೆ ಫೋನು. “ಸರ್, ಮೇಡಂಗೆ ಟೆನ್ಷನ್ ಜಾಸ್ತಿ, ನೀವೇ ಸ್ವಲ್ಪ ಸಮಾಧಾನ ಮಾಡಿ.” ಕಾಯಿಲೆ ನನ್ನದು, ದುಡ್ಡು ನನ್ನದು, ಸಮಾಧಾನ ಮಾಡಲು ಗಂಡನಿಗೆ ಫೋನು! ಇವರು ಚೆನ್ನಾಗಿ ಬೈದು ಇಟ್ಟರು. ಆಮೇಲೆ ನಮ್ಮಿಬ್ಬರ ನಂಬರೂ ಬ್ಲಾಕ್.

ಆ ಚಾರ್ಟ್ ತೆಗೆದು ಮತ್ತೊಮ್ಮೆ ನೋಡಿದೆ. ಬೆಳಿಗ್ಗೆ ರಾಗಿ ಮಾಲ್ಟ್, ಮಧ್ಯಾಹ್ನ ಸಿರಿಧಾನ್ಯದ ಅನ್ನ, ಹೆಸರುಕಾಳಿನ ಕೋಸಂಬರಿ, ಸಂಜೆ ನೆನೆಸಿದ ಬಾದಾಮಿ. ಮೇಲ್ಗಡೆ ‘ಲೋ ಫೈಬರ್’. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಗೆ 3 ಗ್ರಾಂ ಕೂಡ ಇಲ್ಲ. ಇಷ್ಟೂ ಗೊತ್ತಿಲ್ಲದವನು ಕೋಚ್! ಗೊತ್ತಿಲ್ಲದೆ ಮಾಡಿದ್ದು ಅಂತಲೂ ಅಲ್ಲ. ಗೊತ್ತಿದ್ದದ್ದಕ್ಕೇ ಸ್ಟಿಕರ್ ಅಂಟಿಸಿದ್ದು.

ಇಸಬ್ಗೋಲ್, ರಾಗಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮಲಬದ್ಧತೆಗೆ ಇಸಬ್ಗೋಲ್ ಒಳ್ಳೆಯದೇ, ಮಾವನಿಗೆ ಅದರಿಂದಲೇ ಗುಣ ಆಗಿತ್ತು. ಹಾಗೆಯೇ ನಾರು ಕಮ್ಮಿಯ ಊಟ ಮಲಬದ್ಧತೆ ಇರುವವರು ಮಾಡಿದರೆ ತೊಂದರೆ ಇನ್ನೂ ಜಾಸ್ತಿ ಆಗ್ತದೆ. ಕರುಳು ಕಿರಿದಾಗಿರುವವರು ಇಂಥ ಪುಡಿ ಕುಡಿದರೆ ಒಳಗೆ ಕಟ್ಟಿಕೊಳ್ಳುವ ಅಪಾಯವೇ ಇದೆ. ಯಾರಿಗೆ ಯಾವುದು ಅಂತ ನಿಮ್ಮ ಡಾಕ್ಟರು ಹೇಳಲಿ, ಆಸ್ಪತ್ರೆಯ ಡಯಟೀಷಿಯನ್ ಹೇಳಲಿ. ನಾರು ಕಮ್ಮಿಯ ಊಟವನ್ನು ಆರು ತಿಂಗಳು ಮಾಡಿ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ಅಲ್ಲಿಂದಲೇ ಕಳಿಸಿ.

ಪ್ಯಾಕೆಟಿನ ಮೇಲೆ ಸ್ಟಿಕರ್ ಇದ್ದರೆ ಎಬ್ಬಿಸಿ ನೋಡಿ. ಪ್ಯಾಕ್ ಮಾಡಿ ಮಾರುವ ತಿನಿಸಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು, ಇವನ ಸ್ಟಿಕರಿನಲ್ಲಿ ಅದೂ ಇರಲಿಲ್ಲ. ಒಂದು ಚಮಚ ಪುಡಿ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ, ಲೋಳೆ ಆದರೆ ಕುಡಿಯಲೇಬೇಡಿ. ಲೋಳೆ ಆಗಲಿಲ್ಲ ಅಂತ ಧೈರ್ಯವೂ ಬೇಡ, ರಾಗಿ ಲೋಳೆ ಆಗುವುದಿಲ್ಲ.

1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಮಡಿಕೇರಿಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಗೂ ಬರೆದು ಕೊಟ್ಟಿದ್ದೇನೆ. ಸ್ಟಿಕರ್ ಅರ್ಧ ಎದ್ದಿರುವ ಪ್ಯಾಕೆಟ್ಟನ್ನು ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದೇನೆ. ನೀವೂ ಇದೇ ಕಿಟ್ ತಗೊಂಡಿದ್ದರೆ ಸಿಟ್ಟಿನಲ್ಲಿ ಬಿಸಾಡಬೇಡಿ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಅವನ ಮೆಸೇಜುಗಳು ಡಿಲೀಟ್ ಮಾಡಬೇಡಿ. ನನಗೆ ತಿಳಿಸಿ, ಒಟ್ಟಿಗೇ ದೂರು ಕೊಡುವ. ನಾಚಿಕೆ ಅಂತ ಸುಮ್ಮನಿರಬೇಡಿ ಮಾರಾಯ್ರೆ, ನನ್ನ ಹೊಟ್ಟೆಯ ವಿಷಯ ಈಗ ಊರಿಗೆಲ್ಲ ಗೊತ್ತಾಯಿತು, ನಿಮ್ಮ ಹೆಸರು ನಾನು ಎಲ್ಲೂ ಹೇಳುವುದಿಲ್ಲ.